ಐದು ವರ್ಷ ಎಂಪಿಯದ್ದಲ್ಲ, ಸದನದ್ದು

2029ರ ಜೂನ್ 23. ಈಗಿನ ಲೋಕಸಭೆ ಪೂರ್ತಿ ನಡೆದರೂ ಅಲ್ಲಿಗೆ ಮುಗಿಯುತ್ತದೆ. ಶಿರಸಿಯಲ್ಲಿ ವಕೀಲಿ ಮಾಡುವ ನನಗೆ ಈ ತಾರೀಕು ಬಾಯಿಪಾಠ ಆಗಿರುವುದಕ್ಕೆ ಕಾರಣ ನನ್ನ ಕಕ್ಷಿದಾರರು. ಒಬ್ಬರಿಗೆ ಊರಿನ ರಸ್ತೆಗೆ ಎಂಪಿ ಫಂಡ್ ಬೇಕು. ಇನ್ನೊಬ್ಬರಿಗೆ ಅರಣ್ಯ ಅತಿಕ್ರಮಣದ ವಿಷಯ ದೆಹಲಿಯಲ್ಲಿ ಯಾರಾದರೂ ಎತ್ತಬೇಕು. ಕೊನೆಗೆ ಎಲ್ಲರೂ ಕೇಳುವುದು ಒಂದೇ: "ಇವರದ್ದು ಇನ್ನೆಷ್ಟು ದಿನ ಇದೆ ವಕೀಲರೇ?"

ಹೆಚ್ಚಿನವರು ಮತ ಎಣಿಕೆಯ ದಿನದಿಂದ ಲೆಕ್ಕ ಹಾಕುತ್ತಾರೆ. 2024ರ ಜೂನ್ 4ಕ್ಕೆ ಗೆದ್ದರು, ಹಾಗಾಗಿ 2029ರ ಜೂನ್ 4ರವರೆಗೆ ಅಂತ. ಸಂವಿಧಾನ ಹಾಗೆ ಹೇಳುವುದಿಲ್ಲ. 83ನೇ ವಿಧಿಯ ಪ್ರಕಾರ ಲೋಕಸಭೆಯ ಮೊದಲ ಸಭೆಗೆ ಗೊತ್ತು ಮಾಡಿದ ದಿನದಿಂದ ಐದು ವರ್ಷ. 18ನೇ ಲೋಕಸಭೆ ಮೊದಲು ಸೇರಿದ್ದು 2024ರ ಜೂನ್ 24ರಂದು. ಲೆಕ್ಕ ಅಲ್ಲಿಂದ ಶುರು. ಆ ಅವಧಿ ಸದನದ್ದು, ಸದಸ್ಯನದ್ದಲ್ಲ. ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ ಉತ್ತರ ಕನ್ನಡದ ಜನ ಐದು ವರ್ಷ ಬರೆದುಕೊಟ್ಟಿಲ್ಲ. ಸದನ ಇರುವಷ್ಟು ದಿನ ಕೂರಲು ಕಳಿಸಿದ್ದಾರೆ, ಅಷ್ಟೇ.

ಇದು ಬರೀ ವಕೀಲರ ತರ್ಕ ಅನಿಸಿದರೆ ನಮ್ಮದೇ ಕ್ಷೇತ್ರದ ಇತಿಹಾಸ ನೋಡಿ. ಆಗಿನ ಹೆಸರು ಕೆನರಾ. 1967ರಲ್ಲಿ ಇಲ್ಲಿಂದ ಪಕ್ಷೇತರರಾಗಿ ಗೆದ್ದವರು ದಿನಕರ ದೇಸಾಯಿ. ಚುಟುಕಗಳ ಕವಿ, ಅಂಕೋಲೆಯವರ ದೇಸಾಯಿ. ಆ ಲೋಕಸಭೆಯನ್ನು ಅವಧಿ ಮುಗಿಯಲು ಒಂದು ವರ್ಷಕ್ಕೂ ಹೆಚ್ಚು ಬಾಕಿ ಇರುವಾಗಲೇ, 1970ರ ಡಿಸೆಂಬರ್ 27ರಂದು ವಿಸರ್ಜನೆ ಮಾಡಿದರು. ದೇಸಾಯಿಯವರಿಗೆ ನಾಲ್ಕು ವರ್ಷವೂ ತುಂಬಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಇಲ್ಲಿನ ಮತದಾರರದ್ದೂ ಇಲ್ಲ. ಮುಂದಿನ ಸಲ, 1971ರಲ್ಲಿ, ಬಿ.ವಿ. ನಾಯಕ ಆರಿಸಿ ಬಂದರು. ಆ ಸದನ ನಡೆದದ್ದು 1977ರ ಜನವರಿ 18ರವರೆಗೆ, ಹತ್ತತ್ತಿರ ಆರು ವರ್ಷ. ತುರ್ತು ಪರಿಸ್ಥಿತಿ ಇದ್ದಾಗ ಸಂಸತ್ತು ಕಾನೂನು ಮಾಡಿ ಒಂದು ಸಲಕ್ಕೆ ಒಂದು ವರ್ಷದಂತೆ ಲೋಕಸಭೆಯ ಅವಧಿ ಬೆಳೆಸಬಹುದು. 1976ರಲ್ಲಿ ಎರಡು ಸಲ ಬೆಳೆಸಿದರು. ಅದೇ ವರ್ಷ 42ನೇ ತಿದ್ದುಪಡಿ ಮಾಡಿ ಮಾಮೂಲಿ ಅವಧಿಯನ್ನೇ ಆರು ವರ್ಷಕ್ಕೆ ಏರಿಸಿದರು. 1978ರ 44ನೇ ತಿದ್ದುಪಡಿ ಅದನ್ನು ಮತ್ತೆ ಐದಕ್ಕೆ ಇಳಿಸಿತು. ಒಂದೇ ಕ್ಷೇತ್ರ, ಒಬ್ಬರ ಹಿಂದೆ ಒಬ್ಬರು ಬಂದ ಇಬ್ಬರು ಸಂಸದರು. ಇವರಿಬ್ಬರ ನಡುವೆ ಸುಮಾರು ಎರಡು ವರ್ಷದ ವ್ಯತ್ಯಾಸ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? 1996ರಲ್ಲಿ ಅನಂತಕುಮಾರ ಹೆಗಡೆ ಮೊದಲ ಸಲ ಗೆದ್ದರು. 1997ರ ಡಿಸೆಂಬರ್‌ನಲ್ಲಿ ಸದನ ವಿಸರ್ಜನೆ ಆಯಿತು. 1998ರಲ್ಲಿ ಮತ್ತೆ ಗೆದ್ದರು, 1999ರ ಏಪ್ರಿಲ್‌ನಲ್ಲಿ ಮತ್ತೆ ವಿಸರ್ಜನೆ. ಆ ವರ್ಷದ ಚುನಾವಣೆಯಲ್ಲಿ ಮಾರ್ಗರೇಟ್ ಆಳ್ವ ಬಂದರು. ನಾಲ್ಕು ವರ್ಷ ತುಂಬುವ ಮೊದಲೇ ಜಿಲ್ಲೆಯ ಜನ ಮೂರು ಸಲ ಬೂತಿಗೆ ಹೋಗಿದ್ದರು. ಅದರ ಹಿಂದಿನ ದಶಕಗಳಲ್ಲಿ ಇದೇ ಮನೆತನದಲ್ಲಿ ಇನ್ನೊಂದು ವಿಚಿತ್ರ ಇತ್ತು. ಮಾರ್ಗರೇಟ್ ಅವರ ಮಾವ ಜೋಕಿಂ ಆಳ್ವ 1952, 57, 62ರಲ್ಲಿ ಕೆನರಾದಿಂದ ಲೋಕಸಭೆಗೆ ಹೋದರು. ಅತ್ತೆ ವಯಲೆಟ್ ಆಳ್ವ ರಾಜ್ಯಸಭೆಯಲ್ಲಿದ್ದರು. ರಾಜ್ಯಸಭೆ ವಿಸರ್ಜನೆ ಆಗುವುದೇ ಇಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಪಾಲು ಸದಸ್ಯರು ನಿವೃತ್ತಿ ಆಗುತ್ತಾರೆ. ಒಂದೇ ಮನೆ, ಗಂಡನದ್ದು ಒಂದು ಕ್ಯಾಲೆಂಡರ್, ಹೆಂಡತಿಯದ್ದು ಬೇರೆ.

ಉಪಚುನಾವಣೆಯಲ್ಲಿ ಗೆದ್ದವರ ಕಥೆ ಇನ್ನೂ ಸ್ಪಷ್ಟ. ಭಟ್ಕಳದಿಂದ ದಕ್ಷಿಣಕ್ಕೆ ಹೊರಟು ಶಿರೂರು ಮುಟ್ಟಿದರೆ ಬೈಂದೂರು ವಿಧಾನಸಭಾ ಕ್ಷೇತ್ರ. ಅದು ಸೇರುವುದು ಶಿವಮೊಗ್ಗ ಲೋಕಸಭೆಗೆ. 2018ರ ನವೆಂಬರ್ 3ರಂದು ಅಲ್ಲಿಯವರು ವೋಟು ಹಾಕಿದರು, ಭಟ್ಕಳದವರು ನೋಡುತ್ತಾ ಕೂತರು. ಯಡಿಯೂರಪ್ಪ ವಿಧಾನಸಭೆಗೆ ಬಂದು ಲೋಕಸಭೆ ಸ್ಥಾನ ಬಿಟ್ಟಿದ್ದರು. ಶಿವಮೊಗ್ಗದ ಜೊತೆ ಬಳ್ಳಾರಿ, ಮಂಡ್ಯದಲ್ಲೂ ಚುನಾವಣೆ ನಡೆಯಿತು. ಗೆದ್ದವರಿಗೆ ಸಿಕ್ಕಿದ್ದು ಒಂದು ಚಳಿಗಾಲದ ಅಧಿವೇಶನ, ಒಂದು ಬಜೆಟ್ ಅಧಿವೇಶನ. 2019ರ ಫೆಬ್ರವರಿಗೆ ಕಲಾಪವೇ ಮುಗಿಯಿತು. ಶಿರಸಿಯಿಂದ ಕಾರವಾರಕ್ಕೆ ಹೊರಟ ಬಸ್ಸನ್ನು ಅಂಕೋಲೆಯಲ್ಲಿ ಹತ್ತಿದರೂ ಇಳಿಯುವುದು ಕಾರವಾರದಲ್ಲೇ ಅಲ್ವಾ?

ಅಷ್ಟು ಕಡಿಮೆ ದಿನಕ್ಕೆ ಚುನಾವಣೆ ಯಾಕೆ ಅಂತ ಆಗ ತುಂಬಾ ಜನ ಕೇಳಿದ್ದರು. ಉತ್ತರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 151ಎ ಕಲಮಿನಲ್ಲಿದೆ. ಸ್ಥಾನ ಖಾಲಿಯಾದ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ. 16ನೇ ಲೋಕಸಭೆಯ ಅವಧಿ 2019ರ ಜೂನ್ 3ಕ್ಕೆ ಮುಗಿಯುವುದಿತ್ತು. ಕರ್ನಾಟಕದ ಮೂರು ಸ್ಥಾನ ಖಾಲಿಯಾದದ್ದು 2018ರ ಮೇ ತಿಂಗಳಲ್ಲಿ, ಅಂದರೆ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿತ್ತು. ಅದೇ ಹೊತ್ತಿಗೆ ಆಂಧ್ರದ ಐದು ಸಂಸದರ ರಾಜೀನಾಮೆ ಅಂಗೀಕಾರ ಆದದ್ದು ಜೂನ್‌ನಲ್ಲಿ. ಅಲ್ಲಿ ಉಪಚುನಾವಣೆ ಆಗಲಿಲ್ಲ. ಎಲ್ಲಾ ನಿಂತದ್ದು ಕೆಲವೇ ದಿನಗಳ ಅಂತರದ ಮೇಲೆ.

ಸದನ ಹೋದರೆ ಅದರ ಜೊತೆ ಮಸೂದೆಗಳೂ ಹೋಗುತ್ತವೆ. ಲೋಕಸಭೆಯ ಮುಂದೆ ಬಾಕಿ ಇದ್ದದ್ದು ಬಿದ್ದುಹೋಗುತ್ತದೆ. ಲೋಕಸಭೆ ಪಾಸು ಮಾಡಿ ರಾಜ್ಯಸಭೆಯಲ್ಲಿ ಬಾಕಿ ಇದ್ದದ್ದೂ ಬೀಳುತ್ತದೆ. ರಾಜ್ಯಸಭೆಯಲ್ಲೇ ಹುಟ್ಟಿ ಅಲ್ಲೇ ಇರುವುದು ಮಾತ್ರ ಉಳಿಯುತ್ತದೆ. ಮಹಿಳಾ ಮೀಸಲಾತಿ ಮಸೂದೆ 1996, 98, 99ರಲ್ಲಿ ಮಂಡನೆಯಾಗಿ ಮೂರು ಸಲವೂ ಸದನದ ಜೊತೆಗೇ ಬಿತ್ತು. 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದರು. 2010ರಲ್ಲಿ ಅಲ್ಲಿ ಪಾಸಾಗಿ ಲೋಕಸಭೆಗೆ ಬಂತು, 2014ರಲ್ಲಿ ಮತ್ತೆ ಬಿತ್ತು. ಕೊನೆಗೆ ಕಾನೂನಾದದ್ದು 2023ರಲ್ಲಿ. ಹಾಗಾಗಿ "ಮಸೂದೆ ಮಂಡನೆ ಆಗಿದೆ" ಅಂತ ಪೇಪರಿನಲ್ಲಿ ಓದಿ ಜಮೀನಿನ ವ್ಯವಹಾರ ಕುದುರಿಸಲು ಬರುವವರಿಗೆ ನಾನು ಹೇಳುವುದು, ಗೆಜೆಟ್ ತೋರಿಸಿ ಅಂತ. ಏಕಕಾಲದ ಚುನಾವಣೆಗಾಗಿ 2024ರ ಡಿಸೆಂಬರ್ 17ರಂದು ಮಂಡಿಸಿದ 129ನೇ ತಿದ್ದುಪಡಿ ಮಸೂದೆಗೂ ಇದೇ ನಿಯಮ. ಮಧ್ಯದಲ್ಲಿ ಸದನ ಬಿದ್ದರೆ ಹೊಸ ಸದನಕ್ಕೆ ಉಳಿದ ಅವಧಿ ಮಾತ್ರ ಎನ್ನುತ್ತದೆ ಆ ಮಸೂದೆ. ಈಗ ಉಪಚುನಾವಣೆಯ ಸದಸ್ಯನಿಗೆ ಇರುವ ಸ್ಥಿತಿಯನ್ನು ಅದು ಇಡೀ ಸದನಕ್ಕೆ ತರುತ್ತದೆ.

ಇನ್ನು ಎಂಪಿ ಫಂಡ್. ನನ್ನ ಬಳಿ ಬರುವ ಅರ್ಧ ಪ್ರಶ್ನೆ ಇದರದ್ದೇ. ವರ್ಷಕ್ಕೆ 5 ಕೋಟಿ ರೂಪಾಯಿ. ದುಡ್ಡು ಎಂಪಿ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ದೇವಸ್ಥಾನದ ಪೌಳಿ ಕಟ್ಟಿಸಲು ಈ ಫಂಡಿನಿಂದ ಕೊಡಿಸಿ ಅಂತ ಘಟ್ಟದ ಮೇಲಿನ ಒಂದು ಊರಿನ ಕಮಿಟಿಯವರು ಬಂದಿದ್ದರು. ಠರಾವು, ಅಂದಾಜು ಪಟ್ಟಿ, ಫೋಟೋ ಎಲ್ಲಾ ಫೈಲಿನಲ್ಲಿ ಚೆಂದ ಜೋಡಿಸಿ ತಂದಿದ್ದರು. ಪೂಜಾಸ್ಥಳದೊಳಗಿನ ಕೆಲಸಕ್ಕೆ, ಅದರ ಜಾಗದಲ್ಲಿ ಮಾಡುವ ಕೆಲಸಕ್ಕೆ ಈ ಫಂಡ್ ಬರುವುದಿಲ್ಲ ಅಂದೆ. ಕಮಿಟಿಯ ಹಿರಿಯರೊಬ್ಬರು ಸ್ವಲ್ಪ ಹೊತ್ತು ಸುಮ್ನೆ ಕೂತು, "ಹಾಗಾದ್ರೆ ದೇವಸ್ಥಾನಕ್ಕೆ ಹೋಗುವ ರಸ್ತೆ?" ಅಂದರು. ರಸ್ತೆ ಪಂಚಾಯಿತಿಯದ್ದಾದರೆ, ಎಲ್ಲರೂ ಓಡಾಡುವುದಾದರೆ ಕೇಳಬಹುದು. ಅರ್ಜಿ ಆ ರೀತಿ ಬದಲಾಯಿತು.

ಆದರೆ ರಸ್ತೆ ಎಂದ ತಕ್ಷಣ ನಮ್ಮ ಜಿಲ್ಲೆಯಲ್ಲಿ ಮಳೆ ನಡುವೆ ಬರುತ್ತದೆ. ಇಲ್ಲಿ ಡಾಂಬರು ಹಾಕುವುದೇನಿದ್ದರೂ ದೀಪಾವಳಿ ಕಳೆದ ಮೇಲೆ, ಮೇ ಕೊನೆಯೊಳಗೆ. 2024ರಲ್ಲಿ ನೀತಿ ಸಂಹಿತೆ ಜಾರಿಯಾದದ್ದು ಮಾರ್ಚ್ 16ಕ್ಕೆ. ನಮ್ಮಲ್ಲಿ ಮತದಾನ ಮೇ 7ಕ್ಕೆ, ಫಲಿತಾಂಶ ಜೂನ್ 4ಕ್ಕೆ. ಸಂಹಿತೆ ತೆಗೆಯುವ ಹೊತ್ತಿಗೆ ಮಳೆ ಬಂದಿತ್ತು. ಸಂಹಿತೆ ಇದ್ದಾಗ ವರ್ಕ್ ಆರ್ಡರ್ ಆಗಿದ್ದರೂ ಜಾಗದ ಮೇಲೆ ಕೆಲಸ ಶುರುವಾಗಿರದಿದ್ದರೆ ಶುರು ಮಾಡುವಂತಿಲ್ಲ. ನಡೆಯುತ್ತಿರುವ ಕೆಲಸ ಮುಂದುವರಿಯಬಹುದು. ಹಾಗಾಗಿ ಕರಾವಳಿ, ಮಲೆನಾಡಿನ ಲೆಕ್ಕದಲ್ಲಿ ಸದನದ ಕೊನೆಯ ವರ್ಷದ ಅರ್ಧ ಕೆಲಸದ ಸೀಸನ್ನೇ ಕೈತಪ್ಪುತ್ತದೆ. ಬಯಲುಸೀಮೆಯವರಿಗೆ ಇದು ಇಷ್ಟು ತಟ್ಟುವುದಿಲ್ಲ. ಸದನ 2029ರವರೆಗೆ ನಡೆಯುತ್ತದೆ ಅಂತಲೇ ಇಟ್ಟುಕೊಂಡರೂ, ಮುಂದಿನ ಚುನಾವಣೆಯ ಅಧಿಸೂಚನೆ ಅವಧಿ ಮುಗಿಯುವ ಮುಂಚಿನ ಆರು ತಿಂಗಳೊಳಗೆ ಯಾವಾಗ ಬೇಕಾದರೂ ಬರಬಹುದು. ರಸ್ತೆ ಬೇಕಾದವರು ಶಿಫಾರಸು ಪತ್ರವನ್ನು 2028ರ ಮಳೆಗಾಲದೊಳಗೇ ಕಾರವಾರದ ಡಿಸಿ ಆಫೀಸಿಗೆ ಮುಟ್ಟಿಸಿ, ನಂಬರ್ ಹಾಕಿಸಿಕೊಂಡು ಬನ್ನಿ. ದೇವಿಮನೆ ಘಟ್ಟ ಇಳಿದು ಹೋಗುವುದು ಒಂದು ದಿನದ ಕೆಲಸ, ನಿಜ. ಆದರೆ "ಎಂಪಿಯವರು ಹೇಳಿದ್ದಾರೆ" ಎಂಬ ಬಾಯಿಮಾತಿಗೆ ಆ ಆಫೀಸಿನಲ್ಲಿ ಬೆಲೆ ಇಲ್ಲ.

ಕೊನೆಯದಾಗಿ ತಕರಾರು ಅರ್ಜಿ. ಫಲಿತಾಂಶ ಬಂದು ಎರಡು ತಿಂಗಳಾದ ಮೇಲೆ "ಕೇಸ್ ಹಾಕಬೇಕು" ಅಂತ ಬರುವವರು ಇರುತ್ತಾರೆ. ಗೆದ್ದವರ ಆಯ್ಕೆಯನ್ನು ಪ್ರಶ್ನಿಸಲು ಅಭ್ಯರ್ಥಿಯೇ ಆಗಬೇಕಿಲ್ಲ, ಆ ಕ್ಷೇತ್ರದ ಯಾವ ಮತದಾರನೂ ಹೈಕೋರ್ಟಿಗೆ ಹೋಗಬಹುದು. ಆದರೆ ಫಲಿತಾಂಶದಿಂದ 45 ದಿನದೊಳಗೆ. 2024ರ ಚುನಾವಣೆಗೆ ಅದು ಜುಲೈ 19ಕ್ಕೆ ಮುಗಿದಿತ್ತು. ಸಿವಿಲ್ ದಾವೆಯ ಅಪೀಲಿನಲ್ಲಿ ತಡವಾದದ್ದಕ್ಕೆ ಕಾರಣ ಕೊಟ್ಟು ಕ್ಷಮೆ ಕೇಳುವಂತೆ ಇಲ್ಲಿ ಕೇಳಲಾಗುವುದಿಲ್ಲ. ಮಳೆ, ಘಟ್ಟ ಕುಸಿತ, ಕಾಯಿಲೆ ಯಾವುದೂ ನಡೆಯುವುದಿಲ್ಲ. ಅರ್ಜಿ ಹಾಕಿದ ಮೇಲೆ ತೀರ್ಪಿಗೆ ವರ್ಷಗಳೇ ಹಿಡಿಯಬಹುದು. 1971ರ ಚುನಾವಣೆಯ ಬಗ್ಗೆ ಇಂದಿರಾ ಗಾಂಧಿಯವರ ವಿರುದ್ಧ ಅಲಹಾಬಾದ್ ಹೈಕೋರ್ಟಿನ ತೀರ್ಪು ಬಂದದ್ದು 1975ರ ಜೂನ್ 12ಕ್ಕೆ. ಅಷ್ಟರಲ್ಲಿ ಸದನವೇ ವಿಸರ್ಜನೆ ಆದರೆ ಸಾಮಾನ್ಯ ತಕರಾರಿಗೆ ಅರ್ಥ ಉಳಿಯುವುದಿಲ್ಲ, ಭ್ರಷ್ಟ ಆಚರಣೆಯ ಆರೋಪ ಇದ್ದರೆ ಮಾತ್ರ ಕೇಸು ಮುಂದುವರಿಯುತ್ತದೆ. ಅರ್ಜಿಯ ಜೊತೆ ಇಡಬೇಕಾದ ಠೇವಣಿ 2,000 ರೂಪಾಯಿ. ಭ್ರಷ್ಟ ಆಚರಣೆ ಆರೋಪಿಸುವುದಾದರೆ ಅದಕ್ಕೆ ಬೇರೆ ಅಫಿಡವಿಟ್ ಬೇಕು. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟದ ಪ್ರತಿಯನ್ನು ಬರುವಾಗಲೇ ತನ್ನಿ, ಅದಕ್ಕಾಗಿ ಮತ್ತೊಂದು ಸಲ ಊರಿಗೆ ಹೋಗಿ ಬರುವಷ್ಟು ಸಮಯ ಆ 45 ದಿನದಲ್ಲಿ ಇರುವುದಿಲ್ಲ.