ಕೊಯ್ದದ್ದೆಷ್ಟು, ಉಳಿದದ್ದೆಷ್ಟು: ಲಿವರಿಗೆ ಹರಡಿದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ನಡೆದುಬಂದ ದಾರಿ

ಚಿಕ್ಕಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಎರಡು ವರ್ಷ ಕಳೆದಿತ್ತು. ತೀರ್ಥಹಳ್ಳಿಯಿಂದ ಆಚೆಗಿನ ತೋಟದ ಮನೆಯಲ್ಲಿ ಯಾರೂ ಕ್ಯಾನ್ಸರ್ ಎನ್ನುತ್ತಿರಲಿಲ್ಲ, ‘ಕರುಳಿನ ಗಡ್ಡೆ’ ಎನ್ನುತ್ತಿದ್ದರು. ಗಡ್ಡೆ ಹೋಯಿತು, ಚಿಕ್ಕಪ್ಪ ಮತ್ತೆ ತೋಟಕ್ಕೆ ಇಳಿದರು, ಎರಡು ಕೊಯ್ಲು ಮುಗಿದವು. ಆಮೇಲೆ ಒಂದು ತಪಾಸಣೆಯಲ್ಲಿ, ಕ್ಯಾನ್ಸರ್ ಮರಳಿದ ಸುಳಿವು ಕೊಡುವ ಸಿಇಎ ಎಂಬ ರಕ್ತಪರೀಕ್ಷೆಯ ಅಂಕಿ ಏರಿತು. ಸಿಟಿ ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲಿ ಮೂರು ಕಲೆ.

ಆ ರಾತ್ರಿ ಜಗಲಿಯಲ್ಲಿ ಸೇರಿದವರಿಗೆಲ್ಲ ಒಂದೊಂದು ಅಭಿಪ್ರಾಯವಿತ್ತು. ಹೊಟ್ಟೆ ಕೊಯ್ದು ಮಾಡುವ ಆಪರೇಷನ್ನೇ ಗಟ್ಟಿ ಎಂದರು ಒಬ್ಬರು. ಈಗ ಎಲ್ಲವನ್ನೂ ತೂತು ಹಾಕಿ ತೆಗೆಯುತ್ತಾರೆ ಎಂದರು ಇನ್ನೊಬ್ಬರು. ಬೆಂಗಳೂರಿನಲ್ಲಿ ರೋಬೋಟ್ ಇದೆಯಂತೆ ಎಂದ ಎಂಜಿನಿಯರ್ ಹುಡುಗ. ಚಾಕು ತಾಗಿದರೆ, ಗಾಳಿ ಸೋಕಿದರೆ ಕ್ಯಾನ್ಸರ್ ಇನ್ನೂ ಹರಡುತ್ತದೆ ಎಂಬ ಹಳೆಯ ಮಾತೂ ಬಂತು. ಆ ಮಾತಿಗೆ ಆಧಾರವಿಲ್ಲ. ಆದರೆ ಅದರ ಭಯದಿಂದ ಆರು ತಿಂಗಳು ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ. ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ವಿಚಿತ್ರವೂ ಇದೆ. ಆನಂದಪುರದ ಬಳಿಯ ನರಸೀಪುರದಲ್ಲಿ ಮರದ ತೊಗಟೆಯ ಔಷಧಿಗಾಗಿ ದೂರದ ರಾಜ್ಯಗಳ ಕ್ಯಾನ್ಸರ್ ರೋಗಿಗಳು ರಾತ್ರಿಯಿಡೀ ಸರದಿಯಲ್ಲಿ ಕಾಯುತ್ತಿದ್ದ ಕಾಲದಲ್ಲಿ, ಇಲ್ಲಿನ ರೋಗಿಗಳು ಫೈಲು ಹಿಡಿದು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಿದ್ದರು.

ಕರುಳಿನ ಕ್ಯಾನ್ಸರ್ ಬೇರೆಲ್ಲ ಬಿಟ್ಟು ಲಿವರಿಗೇ ಏಕೆ ಹೋಗುತ್ತದೆ ಎಂಬುದನ್ನು ಶರಾವತಿ ಕಂಡವರಿಗೆ ವಿವರಿಸುವುದು ಸುಲಭ. ಸುತ್ತಲಿನ ಗುಡ್ಡಗಳ ಹಳ್ಳಕೊಳ್ಳವೆಲ್ಲ ಮೊದಲು ಲಿಂಗನಮಕ್ಕಿಗೆ ಬಂದು ಸೇರುತ್ತವೆ. ಕೊಚ್ಚಿಬಂದ ಕಸಕಡ್ಡಿ ಅಲ್ಲೇ ತಂಗುತ್ತದೆ. ಹೊಟ್ಟೆ, ಕರುಳುಗಳ ರಕ್ತವೂ ಹಾಗೆಯೇ ಹೃದಯಕ್ಕೆ ಹೋಗುವ ಮುನ್ನ ಪೋರ್ಟಲ್ ಎಂಬ ಒಂದೇ ದೊಡ್ಡ ರಕ್ತನಾಳದಲ್ಲಿ ಲಿವರಿಗೆ ಬರುತ್ತದೆ. ಗಡ್ಡೆಯಿಂದ ಕಳಚಿಕೊಂಡ ಜೀವಕೋಶ ಅಲ್ಲಿ ಸಿಕ್ಕಿಕೊಂಡು ಬೇರೂರುತ್ತದೆ. ದೊಡ್ಡ ಕರುಳು, ಗುದನಾಳದ ಕ್ಯಾನ್ಸರ್ ಬಂದವರಲ್ಲಿ ಸುಮಾರು ಕಾಲು ಭಾಗದವರಿಗೆ ಒಂದಲ್ಲ ಒಂದು ಹಂತದಲ್ಲಿ ಹೀಗಾಗುತ್ತದೆ. ಬೇರೆ ಬಹುತೇಕ ಕ್ಯಾನ್ಸರುಗಳಲ್ಲಿ ಹರಡುವಿಕೆ ಎಂದರೆ ಇಡೀ ದೇಹದ ಮಾತು; ಇಲ್ಲಿ ಮಾತ್ರ ಕೆಲವರಲ್ಲಿ ಅದು ಒಂದು ಅಣೆಕಟ್ಟಿನೊಳಗೆ ನಿಂತಿರುತ್ತದೆ. ಹರಡಿದ ಮೇಲೂ ಕೊಯ್ದು ಗುಣಪಡಿಸುವ ಆಸೆಗೆ ಕಾರಣ ಇದೇ.

ಆಸೆ ಹಳೆಯದು, ಧೈರ್ಯ ಬಂದದ್ದು ತಡವಾಗಿ. ಲಿವರ್ ಎಂದರೆ ರಕ್ತ ತುಂಬಿದ ಸ್ಪಂಜು. ಹೊಲಿಗೆ ಹಾಕಿದರೆ ದಾರವೇ ಅದನ್ನು ಕೊಯ್ಯುತ್ತದೆ. 1888ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಒಬ್ಬ ಮಹಿಳೆಯ ಲಿವರಿನ ಎಡಭಾಗದಿಂದ ಸುಮಾರು 370 ಗ್ರಾಂ ತುಂಡನ್ನು ತೆಗೆದರು. ರಕ್ತ ನಿಲ್ಲದೆ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಯಿತು, ಆಕೆ ಬದುಕಿಕೊಂಡರು. 1908ರಲ್ಲಿ ಗ್ಲಾಸ್ಗೋದ ಜೇಮ್ಸ್ ಪ್ರಿಂಗಲ್, ಲಿವರಿಗೆ ರಕ್ತ ಬರುವ ಬುಡವನ್ನು ಬೆರಳುಗಳ ನಡುವೆ ಒತ್ತಿ ಹಿಡಿದು ಕೆಲಸ ಮಾಡುವ ಉಪಾಯವನ್ನು ಬರೆದಿಟ್ಟರು. ನೂರು ವರ್ಷ ದಾಟಿದರೂ ಹೊಸ ರೋಬೋಟಿನ ಕೋಣೆಯಲ್ಲೂ ಅದೇ ಉಪಾಯ ನಡೆಯುತ್ತಿದೆ, ಬೆರಳಿನ ಬದಲು ಪಟ್ಟಿ ಬಂದಿದೆ ಅಷ್ಟೇ.

ನಿಜವಾದ ತಿರುವು ಚಾಕುವಿನಿಂದ ಬರಲಿಲ್ಲ, ನಕ್ಷೆಯಿಂದ ಬಂತು. ಪ್ಯಾರಿಸ್ಸಿನ ಕ್ಲೋಡ್ ಕ್ವಿನೋ ಮೃತದೇಹಗಳ ಲಿವರಿನ ರಕ್ತನಾಳಗಳಿಗೆ ಪ್ಲಾಸ್ಟಿಕ್ ತುಂಬಿ, ಸುತ್ತಲಿನ ಮಾಂಸವನ್ನು ಕರಗಿಸಿ, ಒಳಗಿನ ಕವಲುಗಳನ್ನು ಮರದಂತೆ ಬಿಡಿಸಿ ನೋಡಿದರು. ಹೊರಗಿನಿಂದ ಒಂದೇ ಮುದ್ದೆಯಾಗಿ ಕಾಣುವ ಅಂಗದಲ್ಲಿ ಎಂಟು ಹೋಳುಗಳಿವೆ, ಪ್ರತಿಯೊಂದಕ್ಕೂ ಅದರದೇ ರಕ್ತದ ದಾರಿ, ಪಿತ್ತದ ದಾರಿ ಇದೆ ಎಂದು ಅವರು 1957ರಲ್ಲಿ ತೋರಿಸಿಕೊಟ್ಟರು. (ನಮ್ಮ ಜಿಲ್ಲೆಗೆ 1957 ಬೇರೆ ಕಾರಣಕ್ಕೆ ನೆನಪಿರುವ ವರ್ಷ: ಸೊರಬದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯನ್ನು ಗುರುತಿಸಿದ್ದು ಆಗಲೇ.) ತೋಟದ ಎಂಟು ಪಟ್ಟೆಗಳಿಗೆ ಬೇರೆ ಬೇರೆ ಕಾಲುವೆ ಇದ್ದರೆ ಒಂದಕ್ಕೆ ನೀರು ಕಟ್ಟಿದರೂ ಉಳಿದ ಏಳು ಒಣಗುವುದಿಲ್ಲ. ಹಾಗಾಗಿ ಆರನೆಯ ಹೋಳನ್ನು ತೆಗೆದು ಐದನೆಯದನ್ನು ಉಳಿಸುವುದು ಸಾಧ್ಯವಾಯಿತು. ಚಿಕ್ಕಪ್ಪನ ಡಾಕ್ಟರು ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದ್ದು ಈ ಎಂಟು ಅಂಕಿಗಳ ಚಿತ್ರವನ್ನೇ.

ನಕ್ಷೆ ಸಿಕ್ಕಿದ ಮೇಲೂ 1970ರ ದಶಕದವರೆಗೆ ಲಿವರಿನ ದೊಡ್ಡ ಆಪರೇಷನ್ ಮಾಡಿಸಿಕೊಂಡ ಐವರಲ್ಲಿ ಒಬ್ಬರು ಸಾಯುತ್ತಿದ್ದರು. ಅರಿವಳಿಕೆ, ಟೇಬಲ್ಲಿನ ಮೇಲೇ ಮಾಡುವ ಅಲ್ಟ್ರಾಸೌಂಡ್, ರಕ್ತನಾಳಗಳ ಒತ್ತಡವನ್ನು ತಗ್ಗಿಸಿಟ್ಟು ಕೊಯ್ಯುವ ರೂಢಿ ಎಲ್ಲ ಸೇರಿ, ಅನುಭವವುಳ್ಳ ಆಸ್ಪತ್ರೆಗಳಲ್ಲಿ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಗಡ್ಡೆಯ ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ತೆಗೆಯಲೇಬೇಕು ಎಂಬ ಹಳೆಯ ನಿಯಮ ಈಗ ಒಂದು ಮಿಲಿಮೀಟರಿಗೆ ಬಂದು ನಿಂತಿದೆ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ತಿರುಳು ಇಲ್ಲಿದೆ. ಎಷ್ಟು ತೆಗೆದರು ಎಂದು ಕೇಳುತ್ತಿದ್ದ ಶಸ್ತ್ರಚಿಕಿತ್ಸಕರು ಎಷ್ಟು ಉಳಿಯಿತು ಎಂದು ಕೇಳಲು ಕಲಿತರು. ಆರೋಗ್ಯವಾಗಿದ್ದ ಲಿವರಾದರೆ ಕಾಲು ಭಾಗ ಉಳಿದರೂ ಸಾಕು, ಅದು ಮತ್ತೆ ಬೆಳೆದುಕೊಳ್ಳುತ್ತದೆ. ಕಿಮೋಥೆರಪಿಯಿಂದ ದಣಿದಿದ್ದರೆ ನೂರಕ್ಕೆ ಮೂವತ್ತಾದರೂ ಬೇಕು.

ಇನ್ನು ಜಗಲಿಯ ಪ್ರಶ್ನೆ. ಮಲೆನಾಡಿನ ತೋಟಗಳಲ್ಲಿ ಕೊನೆಗಾರ ಮರ ಹತ್ತಿ ಕೊಯ್ಯುತ್ತಿದ್ದ ಅಡಿಕೆಗೊನೆಯನ್ನು ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಇಳಿಸುವವರಿದ್ದಾರೆ. ಗೊನೆ ಅದೇ, ತೂಕವೂ ಅದೇ. ಬೀಳುವ ಅಪಾಯ ತಪ್ಪಿತು. ತೂತು ಹಾಕಿ ಮಾಡುವ ಆಪರೇಷನ್, ಅಂದರೆ ಲ್ಯಾಪರೊಸ್ಕೋಪಿ, ಹೆಚ್ಚುಕಡಿಮೆ ಅಂಥದ್ದೇ ದೋಟಿ. ಲಿವರಿನಲ್ಲಿ ಅದರ ಬಳಕೆ 1990ರ ದಶಕದ ಆರಂಭದಲ್ಲಿ ಶುರುವಾದರೂ ಬಹುಕಾಲ ಅನುಮಾನ ಹೋಗಲಿಲ್ಲ: ರಕ್ತ ಚಿಮ್ಮಿದರೆ ತೂತಿನ ಮೂಲಕ ಒತ್ತಿ ಹಿಡಿಯುವುದು ಹೇಗೆ, ಕೈಯಿಂದ ಮುಟ್ಟಿ ನೋಡದೆ ಗಡ್ಡೆ ಉಳಿದುಬಿಟ್ಟರೆ? ಉತ್ತರ ಬಂದದ್ದು ನಾರ್ವೆಯ ಓಸ್ಲೋದಿಂದ. 2012ರಿಂದ 2016ರವರೆಗೆ ಕರುಳಿನಿಂದ ಲಿವರಿಗೆ ಕ್ಯಾನ್ಸರ್ ಹರಡಿದ್ದ 280 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಟ್ಟೆ ತೆರೆದು, ಇನ್ನೊಂದಕ್ಕೆ ತೂತಿನಲ್ಲಿ ಆಪರೇಷನ್ ಮಾಡಿದರು. ತಿಂಗಳೊಳಗೆ ತೊಡಕು ಕಂಡವರು ತೆರೆದ ಗುಂಪಿನಲ್ಲಿ ನೂರಕ್ಕೆ 31, ತೂತಿನ ಗುಂಪಿನಲ್ಲಿ 19. ಐದು ವರ್ಷದ ಮೇಲೆ ಬದುಕಿದ್ದವರ ಲೆಕ್ಕ ಮಾತ್ರ ಬಹುತೇಕ ಸಮ: 55 ಮತ್ತು 54.

ಅಂದರೆ ತೂತಿನ ಆಪರೇಷನ್ನಿನಿಂದ ತೊಡಕು ಕಡಿಮೆ, ಆಯುಷ್ಯದಲ್ಲಿ ವ್ಯತ್ಯಾಸವಿಲ್ಲ. ಆ ಪರೀಕ್ಷೆಯಲ್ಲಿದ್ದದ್ದು ಲಿವರಿನ ಸಣ್ಣ ಸಣ್ಣ ಭಾಗಗಳನ್ನು ಮಾತ್ರ ತೆಗೆಯುವ ಆಪರೇಷನ್ನುಗಳು, ಮಾಡಿದ್ದು ಅದರಲ್ಲೇ ಪಳಗಿದವರು ಎಂಬುದನ್ನು ಜಗಲಿಯಲ್ಲಿ ಯಾರೂ ಹೇಳುವುದಿಲ್ಲ. ಬೆನ್ನಿನ ಕಡೆ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಕೆಳಗೆ ಅಡಗಿರುವ ಏಳನೆಯ, ಎಂಟನೆಯ ಹೋಳುಗಳಿಗೆ ದೋಟಿ ಸಲೀಸಾಗಿ ತಲುಪುವುದಿಲ್ಲ. ರೋಬೋಟಿನ ಮಣಿಕಟ್ಟು ಬಾಗುವುದರಿಂದ ಅಲ್ಲಿ ಹೊಲಿಗೆ ಹಾಕುವುದು ಸುಲಭವಾಗುತ್ತದೆ, ನಿಜ. ಆದರೆ ರೋಬೋಟಿನಿಂದ ಕ್ಯಾನ್ಸರ್ ರೋಗಿ ಹೆಚ್ಚು ಕಾಲ ಬದುಕುತ್ತಾನೆ ಎಂದು ಯಾರೂ ಸಾಬೀತು ಮಾಡಿಲ್ಲ. ಅದಕ್ಕಾಗಿ ತೋಟ ಅಡವಿಡಬೇಕಿಲ್ಲ ಎಂದು ನಾನು ಎಂಜಿನಿಯರ್ ಹುಡುಗನಿಗೆ ಹೇಳಿದೆ. ಅವನಿಗೆ ಅಷ್ಟು ಹಿಡಿಸಲಿಲ್ಲ.

ಓಸ್ಲೋದ ಇನ್ನೊಂದು ಅಂಕಿ ಓದುವಾಗ ನಗು ಬಂತು: ತೂತಿನ ಗುಂಪಿನವರು ಆಸ್ಪತ್ರೆಯಲ್ಲಿ ಇದ್ದದ್ದು 53 ಗಂಟೆ, ತೆರೆದ ಗುಂಪಿನವರು 96 ಗಂಟೆ. ಹದಿನಾಲ್ಕು ತಿರುವಿನ ಆಗುಂಬೆ ಘಾಟಿಯನ್ನು ಮಿನಿ ಬಸ್ಸಿನಲ್ಲಿ ಹತ್ತಬೇಕಾದವರನ್ನು 53 ಗಂಟೆಗೆ ಮನೆಗೆ ಕಳಿಸಿದರೆ ನಮ್ಮ ಚಿಕ್ಕಮ್ಮ ಒಪ್ಪುವವರಲ್ಲ. ಇಲ್ಲಿನವರು ಡಿಸ್ಚಾರ್ಜ್ ಆದ ಮೇಲೂ ವಾರಗಟ್ಟಲೆ ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದು ಕೂರುತ್ತಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಲಾಡ್ಜಿನ ಬಾಡಿಗೆ, ಜೊತೆಗಿದ್ದವರ ಊಟ, ತಪ್ಪಿದ ಕೂಲಿ ಕೈಯಿಂದಲೇ ಹೋಗುತ್ತದೆ.

ಈ ಚರ್ಚೆ ಕೂಡ ಅದೃಷ್ಟವಂತರದ್ದು. ಲಿವರಿಗೆ ಹರಡಿದ ಐವರಲ್ಲಿ ಒಬ್ಬರಿಗೆ ಮಾತ್ರ ಮೊದಲ ನೋಟಕ್ಕೆ ಆಪರೇಷನ್ ಸಾಧ್ಯ. ಉಳಿದವರಿಗಾಗಿ ಹುಟ್ಟಿದ ಉಪಾಯಗಳೇ ಇಡೀ ಕಥೆಯಲ್ಲಿ ಹೆಚ್ಚು ಜಾಣತನದವು. ಎರಡೂ ಬದಿಗೆ ಗಡ್ಡೆಗಳಿದ್ದರೆ ಒಮ್ಮೆಗೇ ಎಲ್ಲವನ್ನೂ ತೆಗೆದರೆ ಉಳಿಯುವ ಲಿವರ್ ಸಾಲದು. ಜಪಾನಿನ ವೈದ್ಯರು 1980ರ ದಶಕದಲ್ಲಿ ಒಂದು ಬದಿಯ ಪೋರ್ಟಲ್ ಕವಲನ್ನು ಮುಚ್ಚಿ ನೋಡಿದರು. ರಕ್ತವೆಲ್ಲ ಇನ್ನೊಂದು ಬದಿಗೆ ತಿರುಗಿ, ಕೆಲವು ವಾರಗಳಲ್ಲಿ ಆ ಬದಿ ದಪ್ಪಗಾಯಿತು. ಇದರ ಮೇಲೆ ಪ್ಯಾರಿಸ್ಸಿನ ರೆನೆ ಆದಾಂ ತಂಡ 2000ದಲ್ಲಿ ಎರಡು ಹಂತದ ಆಪರೇಷನ್ನನ್ನು ವಿವರಿಸಿತು: ಮೊದಲು ಆದಷ್ಟು ಗಡ್ಡೆಗಳನ್ನು ತೆಗೆಯುವುದು, ಉಳಿದ ಲಿವರ್ ಬೆಳೆಯುವವರೆಗೆ ಕಾಯುವುದು, ಆಮೇಲೆ ಮಿಕ್ಕ ಗಡ್ಡೆಗಳನ್ನು ತೆಗೆಯುವುದು. ಕಾಯುವಾಗಲೇ ಕ್ಯಾನ್ಸರ್ ಮುಂದೆ ಹೋಗಿ ಎರಡನೆಯ ಹಂತಕ್ಕೆ ತಲುಪದವರು ಬಹಳ.

ಆ ಕಾಯುವಿಕೆಯನ್ನು ಮುರಿದದ್ದು 2007ರಲ್ಲಿ ಜರ್ಮನಿಯ ರೇಗೆನ್ಸ್‌ಬರ್ಗಿನಲ್ಲಿ ಆದ ಒಂದು ಆಕಸ್ಮಿಕ. ಆಪರೇಷನ್ನಿನ ನಡುವೆ ಉಳಿಯುವ ಭಾಗ ಸಾಲದೆಂದು ಕಂಡಾಗ ಹಾನ್ಸ್ ಶ್ಲಿಟ್ ಲಿವರನ್ನು ಸೀಳಿ ಎರಡು ಮಾಡಿ, ಬಲಬದಿಯ ಪೋರ್ಟಲ್ ಕವಲನ್ನು ಕಟ್ಟಿ, ಆ ಬದಿಯನ್ನು ತೆಗೆಯದೆ ಬಿಟ್ಟರು. ಎಂಟೊಂಬತ್ತು ದಿನಕ್ಕೆ ಸ್ಕ್ಯಾನ್ ಮಾಡಿದರೆ ಸಣ್ಣ ಭಾಗ ಬೆರಗಾಗುವಷ್ಟು ಬೆಳೆದಿತ್ತು. ಇದು ‘ಆಲ್ಪ್ಸ್’ ಎಂಬ ಹೆಸರಿನಲ್ಲಿ ಹಬ್ಬಿತು. 2012ರ ಮೊದಲ ವರದಿಯಲ್ಲಿ 25 ರೋಗಿಗಳಲ್ಲಿ ಮೂವರು ತೀರಿಕೊಂಡಿದ್ದರಿಂದ ಹಲವರು ಹಿಂಜರಿದರು. 2018ರ ಸ್ಕ್ಯಾಂಡಿನೇವಿಯಾದ ಹೋಲಿಕೆಯಲ್ಲಿ ಆಲ್ಪ್ಸ್ ದಾರಿಯಲ್ಲಿ ನೂರಕ್ಕೆ 92 ಜನ, ಹಳೆಯ ಎರಡು ಹಂತದ ದಾರಿಯಲ್ಲಿ 57 ಜನ ಕೊನೆಯ ಕೊಯ್ತಕ್ಕೆ ತಲುಪಿದರು. ಇಷ್ಟಾದರೂ ಇದು ಯೋಗ್ಯ ರೋಗಿಯನ್ನು ಆರಿಸಿಕೊಂಡು ಮಾಡುವ ಕೆಲಸ, ಎಲ್ಲರಿಗಲ್ಲ.

ಕರುಳು ಮೊದಲೋ ಲಿವರ್ ಮೊದಲೋ ಎಂಬ ವಾದವೂ ಇದೆ. ಎರಡೂ ಒಟ್ಟಿಗೆ ಪತ್ತೆಯಾದಾಗ ಹಿಂದೆ ಕರುಳಿನದ್ದೇ ಮೊದಲ ಸರದಿ. ಜಿನೀವಾದ ಜಿಲ್ ಮೆಂತಾ 2006ರಲ್ಲಿ ಸರದಿಯನ್ನು ತಿರುಗಿಸಿ, ಜೀವ ತೆಗೆಯುವುದು ಲಿವರಿನ ಗಡ್ಡೆಗಳಾದ್ದರಿಂದ ಅವನ್ನೇ ಮೊದಲು ತೆಗೆಯೋಣ ಎಂದರು. ಸುಲಭವಿದ್ದರೆ ಎರಡನ್ನೂ ಒಂದೇ ದಿನ ಮಾಡುವವರಿದ್ದಾರೆ.

ಕೊಯ್ಯುವುದನ್ನೇ ಬಿಡುವ ದಾರಿ ಈಚಿನದು. ಮೂರು ಸೆಂಟಿಮೀಟರ್ ಒಳಗಿನ ಗಡ್ಡೆಗೆ ಸೂಜಿ ಚುಚ್ಚಿ ಬಿಸಿಯಿಂದ ಸುಡುವುದು, ಕೊಯ್ದು ತೆಗೆಯುವುದಕ್ಕಿಂತ ಕಡಿಮೆಯದಲ್ಲ ಎಂದು ನೆದರ್ಲೆಂಡ್ಸಿನವರ ದೊಡ್ಡ ಪರೀಕ್ಷೆ ತೋರಿಸಿದೆ. ಇನ್ನೊಂದು ತುದಿಯಲ್ಲಿ, ಯಾವ ರೀತಿಯಲ್ಲೂ ಕೊಯ್ಯಲಾಗದ, ಆದರೆ ಲಿವರ್ ಬಿಟ್ಟು ಬೇರೆಲ್ಲೂ ಹರಡದ 94 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಕಿಮೋಥೆರಪಿ ಒಂದೇ ಪಡೆದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 13, ಜೊತೆಗೆ ಲಿವರ್ ಕಸಿಗೆ ಆರಿಸಿದವರಲ್ಲಿ 57. ಕಸಿಗೆ ಅಂಗ ಎಲ್ಲಿಂದ ತರುವುದು ಎಂಬುದು ಬೇರೆಯೇ ಲೇಖನ.

ಚಿಕ್ಕಪ್ಪನ ಮೂರು ಕಲೆಗಳಲ್ಲಿ ಎರಡು ಮುಂಭಾಗದಲ್ಲಿದ್ದವು, ತೂತಿನಲ್ಲಿ ಹೋದವು. ಒಂದು ಎಂಟನೆಯ ಹೋಳಿನ ಆಳದಲ್ಲಿತ್ತು, ಎರಡು ಸೆಂಟಿಮೀಟರ್ ಕೂಡ ಇರಲಿಲ್ಲ; ಅದನ್ನು ಅದೇ ಹೊತ್ತಿನಲ್ಲಿ ಸೂಜಿಯಿಂದ ಸುಟ್ಟರು. ರಾತ್ರಿಯೆಲ್ಲ ವಾದ ಮಾಡಿದ ನಮ್ಮ ಪೈಕಿ ಯಾರಿಗೂ ಎರಡು ದಾರಿಗಳನ್ನು ಬೆರೆಸಬಹುದು ಎಂಬುದು ಹೊಳೆದಿರಲಿಲ್ಲ. ಆಪರೇಷನ್ನಿಗೆ ಮೊದಲು ಚಿಕ್ಕಪ್ಪ ಡಾಕ್ಟರನ್ನು ಕೇಳಿದ್ದು ಒಂದೇ, ಉಳಿಯುವುದೆಷ್ಟು ಎಂದು. ಹತ್ತರಲ್ಲಿ ಒಂಬತ್ತು ಪಾಲು ಎಂದರಂತೆ ಅವರು. ಮುಂದಿನ ಸ್ಕ್ಯಾನ್ ಆಷಾಢದಲ್ಲಿ ಬೀಳುತ್ತದೆ. ಆಗುಂಬೆಯಲ್ಲಿ ಗುಡ್ಡ ಕುಸಿಯದಿದ್ದರೆ ಆ ದಾರಿ, ಕುಸಿದರೆ ಹೊಸನಗರದ ಮೇಲಿಂದ ಬಾಳೆಬರೆ ಘಾಟಿ ಇಳಿಯುವುದು ಎಂದು ಚಿಕ್ಕಮ್ಮ ಈಗಲೇ ತೀರ್ಮಾನಿಸಿದ್ದಾರೆ.