ಐದನೇ ಜಾರ್ಜ್‌ಗೆ ಕೊಟ್ಟ ಕೊನೆಯ ಚುಚ್ಚುಮದ್ದು

ಉಪಶಾಮಕ ಚಿಕಿತ್ಸೆಯ, ಎಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಚಿಕಿತ್ಸೆಯ ವೈದ್ಯನಾದ ನನ್ನನ್ನು ರೋಗಿಗಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಮಾರ್ಫಿನ್ ಕೊಟ್ಟರೆ ಜೀವ ಬೇಗ ಹೋಗಿಬಿಡುವುದಿಲ್ಲವೇ?’ ಈ ಪ್ರಬಲ ನೋವುನಿವಾರಕವನ್ನು ಅಳತೆಯರಿತು ಕೊಟ್ಟರೆ ಹಾಗೆ ಹೋಗುವುದಿಲ್ಲ ಎಂದು ಬಿಡಿಸಿ ಹೇಳುವಾಗಲೆಲ್ಲ, ಬೇಗ ಹೋಗಲೆಂದೇ ಕೊಟ್ಟ ಒಂದು ಪ್ರಸಂಗ ನನಗೆ ನೆನಪಾಗುತ್ತದೆ.

1911ರ ದೆಹಲಿ ದರ್ಬಾರಿನಲ್ಲಿ ಭಾರತದ ಚಕ್ರವರ್ತಿಯಾಗಿ ಕುಳಿತಿದ್ದ ಐದನೇ ಜಾರ್ಜ್, 1936ರ ಜನವರಿ 20ರಂದು ಇಂಗ್ಲೆಂಡಿನ ನಾರ್ಫೋಕ್‌ನ ಸ್ಯಾಂಡ್ರಿಂಗ್‌ಹ್ಯಾಮ್‌ ಅರಮನೆಯಲ್ಲಿ ಸಾವಿನ ಹಾಸಿಗೆಯಲ್ಲಿದ್ದರು. ವಯಸ್ಸು 70, ಬಹುಕಾಲದ ಧೂಮಪಾನದಿಂದ ಶ್ವಾಸಕೋಶ ಹಾಳಾಗಿತ್ತು, ಹೃದಯವೂ ಸೋತಿತ್ತು. ರಾತ್ರಿ ಊಟದ ಹೊತ್ತಿನಲ್ಲಿ ಅವರ ವೈದ್ಯ ಲಾರ್ಡ್ ಡಾಸನ್, ದೊರೆಯ ಬದುಕು ಶಾಂತವಾಗಿ ಕೊನೆಯತ್ತ ಸಾಗುತ್ತಿದೆ ಎಂಬ ಪ್ರಕಟಣೆಯನ್ನು ಮೆನು ಕಾರ್ಡೊಂದರ ಮೇಲೆ ಬರೆದರು. 11 ಗಂಟೆಯ ಸುಮಾರಿಗೆ, ಪ್ರಜ್ಞೆಯಿಲ್ಲದೆ ಮಲಗಿದ್ದ ದೊರೆಯ ಕತ್ತಿನ ಉಬ್ಬಿದ ಅಭಿಧಮನಿಗೆ ಮುಕ್ಕಾಲು ಗ್ರೇನ್ ಮಾರ್ಫಿನ್, ಅದರ ಬೆನ್ನಿಗೇ ಒಂದು ಗ್ರೇನ್ ಕೊಕೇನ್ ಚುಚ್ಚಿದರು. ಇದರಿಂದ ದಾದಿ ಕ್ಯಾಥರೀನ್ ಬ್ಲ್ಯಾಕ್ ಕಸಿವಿಸಿಗೊಂಡಿದ್ದರಿಂದ, ಸಿರಿಂಜನ್ನು ಡಾಸನ್ ಅವರೇ ಹಿಡಿಯಬೇಕಾಯಿತು. 11.55ಕ್ಕೆ ದೊರೆ ತೀರಿಕೊಂಡರು.

ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಹಾಗಾಗಿ ಆ ಮಾರ್ಫಿನ್ ಹತ್ತಿರ ಹತ್ತಿರ 50 ಮಿಲಿಗ್ರಾಂ ಆಯಿತು. ಮಾರ್ಫಿನ್‌ಗೆ ಒಗ್ಗಿರದ ಮುದುಕರಿಗೆ ರಕ್ತನಾಳದ ಮೂಲಕ ಕೊಡಬೇಕಾಗಿ ಬಂದಾಗ ನಾನು 2 ಮಿಲಿಗ್ರಾಂ ಕೊಟ್ಟು, ಹಾಸಿಗೆಯ ಪಕ್ಕದಲ್ಲೇ ಕುಳಿತು, ಎದೆಯ ಏರಿಳಿತ ನೋಡುತ್ತ ನಿಮಿಷಕ್ಕೆ ಎಷ್ಟು ಉಸಿರೆಂದು ಎಣಿಸಿ, ನೋವಾಗಲಿ ಏದುಸಿರಾಗಲಿ ಉಳಿದಿದ್ದರೆ ಮಾತ್ರ ಇನ್ನಷ್ಟು ಸೇರಿಸುತ್ತೇನೆ. ಮಾರ್ಫಿನ್ ಮತ್ತು ಕೊಕೇನ್ ಬೆರೆಸಿ ಕುಡಿಸುವ ರೂಢಿ ಆಗಿನ ಲಂಡನ್ನಿನಲ್ಲಿ ಇದ್ದದ್ದು ನಿಜವಾದರೂ, ಕುಡಿಸುವುದಕ್ಕೂ ಇಷ್ಟನ್ನು ನೇರವಾಗಿ ರಕ್ತಕ್ಕೆ ನುಗ್ಗಿಸುವುದಕ್ಕೂ ಅಜಗಜಾಂತರವಿದೆ.

ಡಾಸನ್ ತಮ್ಮ ಟಿಪ್ಪಣಿಯಲ್ಲಿ ಉದ್ದೇಶವನ್ನು ಮುಚ್ಚಿಟ್ಟಿಲ್ಲ. ಗಂಟೆಗಟ್ಟಲೆ ಕಾಯುವುದು ಸುತ್ತಲಿದ್ದವರನ್ನು ಬಳಲಿಸುತ್ತದೆ ಎಂಬುದು ಒಂದು ಕಾರಣ. ಸಾವಿನ ಸುದ್ದಿ ಸಂಜೆಯ ಪತ್ರಿಕೆಗಳಿಗಿಂತ ಮೊದಲು ಬೆಳಗಿನ ಘನತೆಯ ಪತ್ರಿಕೆಗಳಲ್ಲಿ ಬರಬೇಕೆಂಬುದು ಇನ್ನೊಂದು. ‘ಟೈಮ್ಸ್’ ಪತ್ರಿಕೆ ಅಚ್ಚನ್ನು ತುಸು ತಡೆಯಲೆಂದು ಲಂಡನ್ನಿನಲ್ಲಿದ್ದ ಹೆಂಡತಿಯ ಮೂಲಕ ಹೇಳಿಸಿಯೂ ಇದ್ದರು. ರಾಣಿ ಮೇರಿ ಮತ್ತು ಯುವರಾಜ ಎಡ್ವರ್ಡ್, ಉಳಿಯುವಂತಿಲ್ಲದಿದ್ದರೆ ಜೀವವನ್ನು ಎಳೆದಾಡಬೇಡಿ ಎಂದಿದ್ದರು. ಅದು ಚಿಕಿತ್ಸೆಯನ್ನು ಹೇರಬೇಡಿ ಎಂಬ ಮಾತೇ ಹೊರತು, ಪ್ರಾಣ ತೆಗೆಯಿರಿ ಎಂಬ ಒಪ್ಪಿಗೆಯಲ್ಲ. ಪ್ರಜ್ಞೆ ತಪ್ಪಿದ್ದ ರೋಗಿಗೆ ಆ ಗಳಿಗೆಯಲ್ಲಿ ಯಾವ ನೋವನ್ನು ನೀಗಬೇಕಿತ್ತು ಎಂಬ ನನ್ನ ಪ್ರಶ್ನೆಗೆ ಟಿಪ್ಪಣಿಯಲ್ಲಿ ಉತ್ತರ ಸಿಗುವುದಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ದಯಾಮರಣದ ಮಸೂದೆ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಾಗ ಡಾಸನ್ ಅದನ್ನು ವಿರೋಧಿಸಿದರು. ಇಂಥದ್ದನ್ನು ವೈದ್ಯರ ವಿವೇಕಕ್ಕೆ ಬಿಡಬೇಕು, ಕಾನೂನು ಬೇಡ ಎಂಬುದು ಅವರ ವಾದವಾಗಿತ್ತು. ಆ ವಿವೇಕ ಜನವರಿಯಲ್ಲಿ ಏನು ಮಾಡಿತ್ತೆಂಬುದು ಹೊರಬಿದ್ದದ್ದು 1986ರಲ್ಲಿ, ಅವರ ಜೀವನಚರಿತ್ರೆ ಬರೆದಿದ್ದ ಫ್ರಾನ್ಸಿಸ್ ವಾಟ್ಸನ್ ಆ ಟಿಪ್ಪಣಿಗಳನ್ನು ಪ್ರಕಟಿಸಿದಾಗ. ಅಷ್ಟರಲ್ಲಿ ಡಾಸನ್ ತೀರಿಕೊಂಡು 41 ವರ್ಷಗಳಾಗಿದ್ದವು.