ತೈಲಕ್ಕಿಂತ ನೀರೇ ಜಾಸ್ತಿ

ಅಮೆರಿಕದ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳ ಗಡಿಯಲ್ಲಿ ಪರ್ಮಿಯನ್ ಬೇಸಿನ್ ಅಂತ ಒಂದು ಪ್ರದೇಶವಿದೆ. ಆ ದೇಶದ ಕಚ್ಚಾ ತೈಲದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಂದಲೇ ಬರುತ್ತದೆ. ಆದರೂ ಅಲ್ಲಿನ ಬಾವಿಗಳನ್ನು ತೈಲಬಾವಿ ಅನ್ನುವುದಕ್ಕಿಂತ ನೀರಿನ ಬಾವಿ ಅಂದರೇ ಸರಿಯೇನೋ. ಒಂದು ಬ್ಯಾರೆಲ್ ತೈಲದ ಜೊತೆಗೆ ಮೂರು ನಾಲ್ಕು ಬ್ಯಾರೆಲ್ ನೀರು ಮೇಲೆ ಬರುತ್ತದೆ. ಬ್ಯಾರೆಲ್ ಅಂದರೆ 159 ಲೀಟರ್. ಇಡೀ ಬೇಸಿನ್ನಿನ ಲೆಕ್ಕ ಹಾಕಿದರೆ ದಿನಕ್ಕೆ 300 ಕೋಟಿ ಲೀಟರ್ ದಾಟುತ್ತದೆ. ಅದನ್ನು ಕುಡಿಯುವ ಹಾಗಿಲ್ಲ, ಹೊಲಕ್ಕೆ ಹಾಯಿಸುವ ಹಾಗಿಲ್ಲ, ಹೊಳೆಗೆ ಬಿಡುವ ಹಾಗೂ ಇಲ್ಲ.

ಶೇಲ್ ತೈಲ, ಫ್ರಾಕಿಂಗ್ ಅಂದ ಕೂಡಲೇ ಚರ್ಚೆ ನಡೆಯುವುದು ಕಲ್ಲು ಒಡೆಯುವುದರ ಬಗ್ಗೆ. ನನಗನ್ನಿಸುವ ಪ್ರಕಾರ ದೊಡ್ಡ ತಲೆನೋವು ಶುರುವಾಗುವುದು ಕಲ್ಲು ಒಡೆದಾದ ಮೇಲೆ. ಇಷ್ಟು ನೀರನ್ನು ಎಲ್ಲಿಡುವುದು?

ಮೊದಲು ಕಲ್ಲಿನ ಕಥೆ ನೋಡೋಣ. ಹಳೆಯ ಮಾದರಿಯ ತೈಲಬಾವಿಯಲ್ಲಿ ತೈಲ ಇರುವುದು ಮರಳುಗಲ್ಲಿನಂಥ ಬಂಡೆಯಲ್ಲಿ. ಅದರ ಸಣ್ಣ ಸಣ್ಣ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಬಾವಿ ಕೊರೆದರೆ ತೈಲ ತಾನಾಗಿ ಅಲ್ಲಿಗೆ ಹರಿದು ಬರುತ್ತದೆ. ಶೇಲ್ ಹಾಗಲ್ಲ. ಅದು ಕೆಸರು ಒತ್ತಿಕೊಂಡು ಗಟ್ಟಿಯಾದ ಪದರಗಲ್ಲು. ಅದರಲ್ಲೂ ರಂಧ್ರಗಳಿವೆ, ತೈಲವೂ ಇದೆ, ದಾರಿ ಮಾತ್ರ ಇಲ್ಲ. ಒಳ್ಳೆಯ ಮರಳುಗಲ್ಲಿಗೆ ಹೋಲಿಸಿದರೆ ಇದರೊಳಗೆ ಹರಿಯುವುದು ಹತ್ತು ಲಕ್ಷ ಪಟ್ಟು ಕಷ್ಟ ಅಂದರೂ ತಪ್ಪಿಲ್ಲ. ಅದಕ್ಕೇ ಬಾವಿಗೆ ಭಾರಿ ಒತ್ತಡದಲ್ಲಿ ದ್ರವ ನೂಕಿ, ಕಲ್ಲನ್ನು ಸೀಳಿ ದಾರಿ ಮಾಡಬೇಕು. ಫ್ರಾಕಿಂಗ್ ಅಂದರೆ ಇದೇ.

ಸೀಳುವ ಉಪಾಯ ಹೊಸದೇನಲ್ಲ. 1947ರಲ್ಲಿ ಕ್ಯಾನ್ಸಸ್ ರಾಜ್ಯದ ಹ್ಯೂಗೊಟನ್ ಅನಿಲ ಕ್ಷೇತ್ರದಲ್ಲಿ ಮೊದಲ ಪ್ರಯೋಗ ನಡೆಯಿತು. ಆಗ ಬಾವಿಗೆ ತುಂಬಿದ್ದು ನೀರನ್ನಲ್ಲ, ನೇಪಾಮ್ ಹಾಕಿ ಮಂದ ಮಾಡಿದ ಪೆಟ್ರೋಲನ್ನು! ಫಲಿತಾಂಶ ಹೇಳಿಕೊಳ್ಳುವಂತಿರಲಿಲ್ಲ. ಮುಂದೆ ಜಾರ್ಜ್ ಮಿಚೆಲ್ ಎಂಬ ಉದ್ಯಮಿ 1981ರಿಂದ ಟೆಕ್ಸಾಸ್‌ನ ಬಾರ್ನೆಟ್ ಶೇಲ್‌ ಬೆನ್ನು ಹತ್ತಿದರು. ಹದಿನೇಳು ವರ್ಷ ಹಟ ಬಿಡಲಿಲ್ಲ. 1990ರ ದಶಕದ ಕೊನೆಗೆ ಅವರ ಕಂಪನಿಯ ಎಂಜಿನಿಯರುಗಳು ದುಬಾರಿ ಜೆಲ್ ಬಿಟ್ಟು, ಬರೀ ತೆಳ್ಳಗಿನ ನೀರಿಗೆ ಸ್ವಲ್ಪ ಮರಳು, ಚೂರು ರಾಸಾಯನಿಕ ಬೆರೆಸಿ ನೋಡಿದರು. ಖರ್ಚೂ ಇಳಿಯಿತು, ಅನಿಲವೂ ಚೆನ್ನಾಗಿ ಬಂತು. ಆಮೇಲೆ ಬಾವಿಯನ್ನು ಕೆಳಗೆ ಹೋದ ಮೇಲೆ ಅಡ್ಡಕ್ಕೆ ತಿರುಗಿಸಿ ಕಲ್ಲಿನ ಪದರದೊಳಗೇ ಕಿಲೋಮೀಟರುಗಟ್ಟಲೆ ಕೊರೆಯುವ ತಂತ್ರ ಇದಕ್ಕೆ ಜೋಡಿಯಾಯಿತು. ಅಮೆರಿಕದ ತೈಲ ಉತ್ಪಾದನೆ 2008ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್ ಇತ್ತು. 2024ರಲ್ಲಿ 130 ಲಕ್ಷ ದಾಟಿತು.

ಒಂದು ಬಾವಿಯ ಕಲ್ಲು ಸೀಳಲು ಕೋಟಿಗಟ್ಟಲೆ ಲೀಟರ್ ನೀರು ಬೇಕು. ಅದರಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಆದರೆ ವರ್ಷಗಟ್ಟಲೆ ಮೇಲೆ ಬರುತ್ತಲೇ ಇರುವ ನೀರು ನಾವು ತುಂಬಿದ್ದಲ್ಲ. ಪರ್ಮಿಯನ್ ಪ್ರದೇಶ ಕೋಟ್ಯಂತರ ವರ್ಷಗಳ ಹಿಂದೆ ಕಡಲಾಗಿತ್ತು. ಆ ಕಾಲದಿಂದ ಕಲ್ಲಿನೊಳಗೆ ಸಿಕ್ಕಿಕೊಂಡ ನೀರು ಇದು. ಉದ್ಯಮದವರು ಇದಕ್ಕೆ ‘ಪ್ರೊಡ್ಯೂಸ್ಡ್ ವಾಟರ್’ ಅನ್ನುತ್ತಾರೆ, ಯಾರೋ ಬೇಕೆಂದೇ ಉತ್ಪಾದಿಸಿದ ಹಾಗೆ! ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಇದರಲ್ಲಿ ಎಷ್ಟೋ ಕಡೆ 100 ಗ್ರಾಂ ಮೀರುತ್ತದೆ. ಜೊತೆಗೆ ತೈಲದ ಅಂಶ, ಅಮೋನಿಯಾ, ಒಂದಿಷ್ಟು ವಿಕಿರಣಶೀಲ ರೇಡಿಯಂ ಕೂಡ.

ಎಲ್ಲಕ್ಕಿಂತ ಅಗ್ಗದ ದಾರಿ ಅದನ್ನು ಇನ್ನೊಂದು ಬಾವಿಯಲ್ಲಿ ಮತ್ತೆ ನೆಲದಾಳಕ್ಕೆ ನೂಕುವುದು. ಇಲ್ಲಿಂದ ಭೂಕಂಪದ ಕಥೆ ಶುರು.

ಬಿಸಿನೀರಲ್ಲಿ ತೊಳೆದ ಲೋಟವನ್ನು ನುಣುಪಾದ ಒದ್ದೆ ಕಟ್ಟೆಯ ಮೇಲೆ ಮಗುಚಿಟ್ಟು ನೋಡಿ. ಕೆಲವೊಮ್ಮೆ ಅದು ಯಾರೂ ಮುಟ್ಟದೆ ಮೆಲ್ಲಗೆ ಜಾರುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗಿ, ಲೋಟವನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ. ಲೋಟದ ತೂಕ ಕಡಿಮೆಯಾಗಿಲ್ಲ. ಕಟ್ಟೆಯ ಮೇಲೆ ಅದು ಊರುವ ಭಾರ ಕಡಿಮೆಯಾಗಿದೆ, ಅಷ್ಟೆ. ನೆಲದಾಳದ ದೊಡ್ಡ ಬಿರುಕುಗಳಲ್ಲೂ ಆಗುವುದು ಇದೇ. ಎರಡು ಬಂಡೆಗಳು ಒಂದನ್ನೊಂದು ಗಟ್ಟಿಯಾಗಿ ಒತ್ತಿಕೊಂಡು ನಿಂತಿರುತ್ತವೆ. ನಡುವೆ ನೀರಿನ ಒತ್ತಡ ಏರಿದರೆ ಆ ಹಿಡಿತ ಸಡಿಲವಾಗುತ್ತದೆ. ಮೊದಲೇ ಜಾರಲು ತಯಾರಾಗಿದ್ದ ಬಿರುಕು ಜಾರಿಬಿಡುತ್ತದೆ.

ಇದು ಗೊತ್ತಾಗಿ ಅರವತ್ತು ವರ್ಷವಾಯಿತು. ಡೆನ್ವರ್ ನಗರದ ಹತ್ತಿರ ಅಮೆರಿಕದ ಸೇನೆ 1962ರಲ್ಲಿ ರಾಸಾಯನಿಕ ತ್ಯಾಜ್ಯವನ್ನು 3,671 ಮೀಟರ್ ಆಳದ ಬಾವಿಗೆ ನೂಕಲು ಶುರುಮಾಡಿತು. ಕೆಲವೇ ವಾರಗಳಲ್ಲಿ ನೆಲ ನಡುಗತೊಡಗಿತು. 1966ರಲ್ಲಿ ನೂಕುವುದನ್ನು ನಿಲ್ಲಿಸಿದರು. ಎಲ್ಲಕ್ಕಿಂತ ದೊಡ್ಡ ಕಂಪನಗಳು ಬಂದದ್ದು ಮರುವರ್ಷ, 1967ರಲ್ಲಿ. ಪಂಪ್ ನಿಂತರೂ ಕೆಳಗಿನ ಒತ್ತಡ ನಿಧಾನವಾಗಿ ಹರಡುತ್ತಲೇ ಇತ್ತು.

ಆ ಪಾಠ ಒಕ್ಲಹೋಮಾ ರಾಜ್ಯಕ್ಕೆ ಉಪಯೋಗಕ್ಕೆ ಬರಲಿಲ್ಲ. 2009ಕ್ಕಿಂತ ಮೊದಲು ಅಲ್ಲಿ 3ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪ ವರ್ಷಕ್ಕೆ ಒಂದೋ ಎರಡೋ ಆಗುತ್ತಿತ್ತು. 2015ರಲ್ಲಿ ಸುಮಾರು 900 ಆದವು. 2016ರ ಸೆಪ್ಟೆಂಬರ್‌ನಲ್ಲಿ ಪಾನೀ ಎಂಬ ಊರಿನ ಹತ್ತಿರ 5.8ರ ಕಂಪನವಾಯಿತು. ಅಲ್ಲಿನ ಹೆಚ್ಚಿನ ಕಂಪನಗಳಿಗೆ ಕಾರಣ ಫ್ರಾಕಿಂಗ್ ಅಲ್ಲ, ಉಪ್ಪುನೀರನ್ನು ವಾಪಸ್ ನೂಕಿದ್ದು. ನೂಕುವ ಪ್ರಮಾಣ ಇಳಿಸಿದ ಮೇಲೆ ಭೂಕಂಪಗಳೂ ವರ್ಷ ವರ್ಷ ಇಳಿದವು. ಎಲ್ಲ ಕಡೆ ಹೀಗೇ ಅಲ್ಲ ಅನ್ನಿ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಬಳಿ 2019ರಲ್ಲಿ ಕಲ್ಲು ಸೀಳುವ ಕೆಲಸವೇ 2.9ರ ಕಂಪನ ತಂದಿತು, ಸರ್ಕಾರ ಅದೇ ವರ್ಷ ಫ್ರಾಕಿಂಗ್‌ಗೆ ತಡೆ ಹಾಕಿತು.

ಮತ್ತೆ ಪರ್ಮಿಯನ್‌ಗೆ ಬರೋಣ. ಅಲ್ಲೂ ಆಳದ ಬಾವಿಗಳಿಗೆ ನೀರು ತುಂಬಿದರು, ಅಲ್ಲೂ ನೆಲ ನಡುಗಿತು. 2022ರ ನವೆಂಬರ್‌ನಲ್ಲಿ ರೀವ್ಸ್ ಕೌಂಟಿಯಲ್ಲಿ 5.4 ದಾಖಲಾಯಿತು. ಟೆಕ್ಸಾಸ್‌ನಲ್ಲಿ ತೈಲದ ಉಸ್ತುವಾರಿ ನೋಡುವ ಸಂಸ್ಥೆಯ ಹೆಸರು ರೈಲ್‌ರೋಡ್ ಕಮಿಷನ್. 2005ರಿಂದ ಅದಕ್ಕೂ ರೈಲಿಗೂ ಸಂಬಂಧವೇ ಇಲ್ಲ, ಹೆಸರು ಮಾತ್ರ ಉಳಿದಿದೆ. ಅದು ಕೆಲವು ಕಡೆ ಆಳಕ್ಕೆ ನೂಕುವುದನ್ನು ನಿರ್ಬಂಧಿಸಿತು. ಕಂಪನಿಗಳು ಮೇಲಿನ ಪದರಗಳಿಗೆ ನೂಕತೊಡಗಿದವು. ಈಗ ಕೆಲವೆಡೆ ನೆಲವೇ ಉಬ್ಬುತ್ತಿರುವುದು ಉಪಗ್ರಹದ ರೇಡಾರ್‌ನಲ್ಲಿ ಕಾಣುತ್ತದೆ.

ಮೇಲಿನ ಪದರಕ್ಕೆ ಇನ್ನೊಂದು ಕಾಟವಿದೆ. ನೂರು ವರ್ಷದಿಂದ ಕೊರೆದ ನೆಲ ಅದು. ಯಾರೋ ಕೊರೆದು, ಸರಿಯಾಗಿ ಮುಚ್ಚದೆ ಬಿಟ್ಟುಹೋದ ಸಾವಿರಾರು ಬಾವಿಗಳಿವೆ. ಕೆಲವಕ್ಕೆ ದಾಖಲೆಯೂ ಇಲ್ಲ. ಒತ್ತಡ ಏರಿದ ನೀರಿಗೆ ಅವೇ ಹೊರದಾರಿ. 2022ರ ಜನವರಿಯಲ್ಲಿ ಕ್ರೇನ್ ಕೌಂಟಿಯಲ್ಲಿ ಉಪ್ಪುನೀರು ಹೀಗೇ ನೆಲದಿಂದ ಎತ್ತರಕ್ಕೆ ಚಿಮ್ಮಿ, ದಿನಗಟ್ಟಲೆ ನಿಲ್ಲಲೇ ಇಲ್ಲ. 2025ರಲ್ಲಿ ಕಮಿಷನ್ ನಿಯಮ ಬಿಗಿ ಮಾಡಿತು: ನೀರು ನೂಕಲು ಅನುಮತಿ ಬೇಕಾದರೆ ಅರ್ಧ ಮೈಲಿ ಒಳಗಿನ ಹಳೆಯ ಬಾವಿಗಳ ಸ್ಥಿತಿ ತೋರಿಸಬೇಕು. ಪಕ್ಕದ ನ್ಯೂ ಮೆಕ್ಸಿಕೊ ಮೊದಲಿಂದಲೂ ಹೆಚ್ಚು ಬಿಗಿ. ಪರಿಣಾಮ, ಅಲ್ಲಿನ ನೀರು ಪೈಪಿನಲ್ಲಿ ಗಡಿ ದಾಟಿ ಟೆಕ್ಸಾಸ್‌ಗೇ ಬರುತ್ತದೆ!

ಶುದ್ಧ ಮಾಡಿ ಬಳಸಬಹುದಲ್ವಾ ಅನ್ನಿಸುತ್ತದೆ. ಹೊಸ ಬಾವಿಯ ಕಲ್ಲು ಸೀಳಲು ಈ ನೀರನ್ನೇ ಬಳಸುವುದು ಈಗಾಗಲೇ ಜಾಸ್ತಿಯಾಗಿದೆ. ಆದರೆ ಬೇಕಾಗುವುದಕ್ಕಿಂತ ಬರುವುದೇ ಹೆಚ್ಚು. ಪೂರ್ತಿ ಸಿಹಿನೀರು ಮಾಡಬೇಕೆಂದರೆ, ಸಮುದ್ರದ ನೀರಿಗೆ ಬಳಸುವ ಸಾಮಾನ್ಯ ಫಿಲ್ಟರ್ ಪೊರೆಗಳು ಇಷ್ಟು ಉಪ್ಪಿನ ಮುಂದೆ ಸೋಲುತ್ತವೆ. ಕಾಯಿಸಿ ಬಟ್ಟಿ ಇಳಿಸಬೇಕು, ಅದಕ್ಕೆ ತುಂಬಾ ಶಕ್ತಿ ಬೇಕು. ಆಮೇಲೆ ಉಪ್ಪು? ಲೀಟರಿಗೆ 120 ಗ್ರಾಂ ಅಂದುಕೊಂಡರೆ ಒಂದು ಬ್ಯಾರೆಲ್‌ಗೆ 19 ಕಿಲೋ. ದಿನಕ್ಕೆ ಹತ್ತು ಸಾವಿರ ಬ್ಯಾರೆಲ್ ಶುದ್ಧ ಮಾಡುವ ಒಂದು ಸಣ್ಣ ಘಟಕದ ಹಿಂದೆ ದಿನಾ 190 ಟನ್ ಉಪ್ಪು ಬೀಳುತ್ತದೆ.

ಈ ನೀರಿನಲ್ಲಿ ಲಿಥಿಯಂ ಕೂಡ ಇದೆ ಅಂತ ಈಚೆಗೆ ಉತ್ಸಾಹ ಎದ್ದಿದೆ. ಪೆನ್ಸಿಲ್ವೇನಿಯಾದ ಮಾರ್ಸೆಲಸ್ ಶೇಲ್‌ ನೀರಿನಲ್ಲಿ ಅದು ಗಮನಾರ್ಹ ಪ್ರಮಾಣದಲ್ಲೇ ಇದೆ. ಬ್ಯಾಟರಿಗೆ ಬೇಕಾದ ಲೋಹ ತ್ಯಾಜ್ಯದಲ್ಲೇ ಸಿಕ್ಕಿದರೆ ಒಳ್ಳೆಯದೇ. ಆದರೆ ಅದು ಸಿಗುವುದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ತೆಗೆದುಕೊಂಡ ಮೇಲೂ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಉಪ್ಪೂ ಅಷ್ಟೇ. ಅದನ್ನು ಹೊತ್ತ ಲಾರಿಯೋ ಪೈಪೋ ಮತ್ತೆ ಯಾವುದೋ ಬಾವಿಯ ಬಾಯಿಗೇ ಹೋಗಬೇಕು.